ಹೋಮ್ ಪ್ಲೇಟ್ ಡಿಕ್ಕಿ: ರೂಲ್ ಬುಕ್ಕಲ್ಲಿ ಇಲ್ಲದೇನೇ ದಶಕಗಟ್ಟಲೆ ನಡೆದ ಆಟ

ಹೋದ್ಸಲ ಅಪ್ಪ ಹಾಸನದಿಂದ ಇಲ್ಲಿ ಕ್ಯಾಲಿಫೋರ್ನಿಯಾಗೆ ಬಂದಿದ್ದಾಗ ಆರು ತಿಂಗಳು ಕಳೆಯೋಕೆ ಅವ್ರಿಗೆ ಸಿಕ್ಕಿದ್ದು ಟೀವಿಲಿ ಬರೋ ಬೇಸ್‌ಬಾಲ್. ಮೊದಲನೇ ವಾರ "ಇದೇನಯ್ಯ, ನಮ್ ಚಿನ್ನಿದಾಂಡಿಗೆ ಇಷ್ಟೊಂದು ಬಿಲ್ಡಪ್ಪಾ" ಅಂತ ಬೈಕೊಂಡೇ ನೋಡಿದ್ರು, ಎರಡನೇ ವಾರಕ್ಕೆ ಸ್ಟ್ರೈಕ್ ಯಾವ್ದು ಬಾಲ್ ಯಾವ್ದು ಅಂತ ನನಗೇ ಪಾಠ ಹೇಳೋಕೆ ಶುರು ಮಾಡಿದ್ರು. ಒಂದಿನ ಮಳೆ ಬಂದು ಮ್ಯಾಚ್ ನಿಂತಾಗ ಹಳೇ ಕ್ಲಿಪ್ಪುಗಳನ್ನ ಹಾಕ್ತಿದ್ರು, ಅದ್ರಲ್ಲಿ ಒಬ್ಬ ಓಡಿ ಬಂದು ಮಾಸ್ಕು ಪ್ಯಾಡು ಕಟ್ಕೊಂಡು ನಿಂತಿದ್ದೋನಿಗೆ ಹೆಗಲು ತಗ್ಗಿಸಿ ಗೂಳಿ ಗುದ್ದಿದ ಹಂಗೆ ಗುದ್ದಿ ಅವನನ್ನ ಮಾರು ದೂರ ಉರುಳಿಸಿ ರನ್ ತಗೊಂಡ, ಸ್ಟೇಡಿಯಮ್ಮಲ್ಲಿ ಜನ ಎದ್ದು ನಿಂತು ಚಪ್ಪಾಳೆ. ಅಪ್ಪ ಕಾಫಿ ಲೋಟ ಕೆಳಗಿಟ್ಟು "ಅಲ್ಲ ಕಣೋ, ಇದು ಫೌಲ್ ಅಲ್ವೇನೋ?" ಅಂದ್ರು. "ಆಗ ಅಲ್ಲ, ಈಗ ಹೌದು, ಆದ್ರೆ ಈಗ್ಲೂ ಪೂರ್ತಿ ಅಲ್ಲ" ಅಂದೆ. ಅವ್ರು ನನ್ನ ಮುಖ ನೋಡಿದ ರೀತಿ ನೋಡಿದ್ರೆ ಇದನ್ನ ಸರಿಯಾಗಿ ಬಿಡಿಸಿ ಹೇಳ್ಬೇಕು ಅನ್ನಿಸ್ತು, ಅದಕ್ಕೇ ಈ ಬರಹ.

ಮೊದ್ಲು ಡಿಕ್ಕಿ ಯಾಕೆ ಆಗತ್ತೆ ಅಂತ ನೋಡೋಣ, ಯಾಕಂದ್ರೆ ತುಂಬಾ ಜನ ಇದು ಆಟಗಾರರ ಸಿಟ್ಟಿಂದ ಆಗೋದು ಅಂದ್ಕೊಂಡಿದಾರೆ. ಸಿಟ್ಟು ಒಂಚೂರು ಇರಬಹುದು, ಆದ್ರೆ ಮುಕ್ಕಾಲು ಪಾಲು ಇರೋದು ಮೈದಾನದ ಲೆಕ್ಕಾಚಾರದಲ್ಲಿ.

ನಮ್ಮ ಕ್ರಿಕೆಟ್ಟಲ್ಲಿ ರನ್ ಔಟ್ ಹೆಂಗೆ ಆಗತ್ತೆ? ಬ್ಯಾಟ್ಸ್‌ಮನ್ ಕ್ರೀಸ್ ದಾಟಿ ಬ್ಯಾಟ್ ಊರಿದ್ರೆ ಸಾಕು, ಕೀಪರ್ ಬಾಲ್ ಹಿಡಿದು ಬೇಲ್ಸ್ ಉದುರಿಸಿದ್ರೆ ಸಾಕು. ಇಬ್ಬರ ಗುರಿ ಬೇರೆ ಬೇರೆ, ಒಬ್ಬನದು ಗೆರೆ, ಇನ್ನೊಬ್ಬನದು ಸ್ಟಂಪು. ಅದಕ್ಕೇ ಒಬ್ಬರನ್ನೊಬ್ಬರು ಮುಟ್ಟೋ ಅವಶ್ಯಕತೇನೇ ಇಲ್ಲ, ಬ್ಯಾಟ್ಸ್‌ಮನ್ ಪಕ್ಕದಲ್ಲಿ ಹಾದು ಹೋಗ್ತಾನೆ, ಕೀಪರ್ ತನ್ನ ಪಾಡಿಗೆ ಬೇಲ್ಸ್ ಎಗರಿಸ್ತಾನೆ. ಬೇಕಂತ ಯಾರಾದ್ರೂ ಫೀಲ್ಡರ್ ಅಡ್ಡ ಬಂದ್ರೆ 5 ರನ್ ಪೆನಾಲ್ಟಿ.

ಬೇಸ್‌ಬಾಲಲ್ಲಿ ಹಂಗಲ್ಲ. ಬೇಸ್‌ನಿಂದ ಬೇಸಿಗೆ 90 ಅಡಿ, ಮೂರು ಬೇಸ್ ಸುತ್ತಿ ಬಂದೋನು ಕೊನೆಗೆ ಹೋಮ್ ಪ್ಲೇಟ್ ಅನ್ನೋ ಐದು ಮೂಲೆಯ ಬಿಳೀ ರಬ್ಬರ್ ತುಂಡನ್ನ ಮುಟ್ಟಬೇಕು, ಅದರ ಅಗಲ 17 ಇಂಚು, ನಮ್ಮನೆ ಹೊಸಿಲಿಗಿಂತ ಸಣ್ಣದು. ಅವನನ್ನ ಔಟ್ ಮಾಡ್ಬೇಕಂದ್ರೆ ಕ್ಯಾಚರ್, ಅಂದ್ರೆ ಅವ್ರ ಕೀಪರ್ ಅಂತ ಇಟ್ಕೊಳ್ಳಿ, ಬಾಲ್ ಇರೋ ಗ್ಲೌಸಿಂದ ಅಥವಾ ಕೈಯಿಂದ ಅವನ ಮೈಯನ್ನ ಮುಟ್ಟಬೇಕು, ಇದನ್ನೇ ಟ್ಯಾಗ್ ಅಂತಾರೆ. ಮೂರೂ ಬೇಸ್ ತುಂಬಿದ್ದು ಹಿಂದಿನವರ ಒತ್ತಡಕ್ಕೆ ಅವನು ಓಡಲೇಬೇಕಾಗಿ ಬಂದ್ರೆ ಕ್ಯಾಚರ್ ಬಾಲ್ ಹಿಡ್ಕೊಂಡು ಪ್ಲೇಟ್ ತುಳಿದ್ರೂ ಆಗತ್ತೆ, ಅದನ್ನ ಫೋರ್ಸ್ ಅಂತಾರೆ, ಬಾಕಿ ಎಲ್ಲ ಸಲ ಮೈ ಮುಟ್ಟಲೇಬೇಕು. ಸೋ ಇಬ್ಬರ ಗುರಿಯೂ ಒಂದೇ ಜಾಗ. ಓಡೋನು ಎಲ್ಲಿ ಸುತ್ತಾಡಿದ್ರೂ ಕೊನೆಗೆ ಅಲ್ಲಿಗೇ ಬರಬೇಕು, ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ ಅಂತ ಕ್ಯಾಚರ್ ಅಲ್ಲೇ ಕಾಯ್ಕೊಂಡು ನಿಂತಿರ್ತಾನೆ.

ಇನ್ನೊಂದು ವಿಷ್ಯ ಇದೆ, ಇದನ್ನ ಟೀವಿಲಿ ಯಾರೂ ಅಷ್ಟಾಗಿ ಹೇಳಲ್ಲ. ಎರಡನೇ ಬೇಸ್, ಮೂರನೇ ಬೇಸ್‌ಗೆ ಓಡಿ ಬಂದೋನು ಅಲ್ಲಿ ನಿಲ್ಲಬೇಕು, ದಾಟಿ ಮುಂದೆ ಹೋದ್ರೆ ಟ್ಯಾಗ್ ಮಾಡಿ ಔಟ್ ಮಾಡ್ತಾರೆ. ಅದಕ್ಕೇ ಅಲ್ಲಿ ಸ್ಲೈಡ್ ಮಾಡ್ತಾರೆ, ಸ್ಲೈಡ್ ಅಂದ್ರೆ ನೆಲದ ಮೇಲೆ ಜಾರ್ಕೊಂಡು ಬರೋದು, ಒಂಥರಾ ಬ್ರೇಕು. ಹೋಮಲ್ಲಿ ಹಂಗೇನಿಲ್ಲ, ಒಂದ್ಸಲ ಮುಟ್ಟಿದ್ರೆ ಮುಗೀತು, ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗು. ಅಂದ್ರೆ ಇಡೀ ಮೈದಾನದಲ್ಲಿ ಫುಲ್ ಸ್ಪೀಡಲ್ಲಿ ನುಗ್ಗಿದ್ರೆ ನಷ್ಟ ಆಗದೇ ಇರೋ ಜಾಗ ಅಂದ್ರೆ ಮೊದಲನೇ ಬೇಸು ಬಿಟ್ರೆ ಹೋಮ್ ಮಾತ್ರ. ಮೊದಲನೇ ಬೇಸಲ್ಲಿ ಫೀಲ್ಡರ್ ಸಾಮಾನ್ಯವಾಗಿ ಬೇಸ್ ಮುಟ್ಕೊಂಡು ಪಕ್ಕಕ್ಕೆ ಕೈ ಚಾಚಿ ಬಾಲ್ ಹಿಡೀತಾನೆ, ಅಡ್ಡ ನಿಲ್ಲಲ್ಲ. ಹೋಮಲ್ಲಿ ಮಾತ್ರ ಒಬ್ಬ ಅಡ್ಡ ನಿಂತಿರ್ತಾನೆ, ಅದೂ ಪ್ಯಾಡ್ ಕಟ್ಕೊಂಡಿದಾನೆ ಅನ್ನೋ ಧೈರ್ಯದಲ್ಲಿ.

ಇಷ್ಟಕ್ಕೇ ಮುಗಿಯಲ್ಲ. ಟ್ಯಾಗ್ ಮಾಡುವಾಗ ಬಾಲ್ ಕೈಯಿಂದ ಜಾರಿದ್ರೆ ಔಟ್ ಇಲ್ಲ. ಇದನ್ನ ಓಡೋನ ಕಡೆಯಿಂದ ಯೋಚಿಸಿ. ನೀವು ಪ್ಲೇಟಿಂದ ಹತ್ತು ಅಡಿ ದೂರ ಇದೀರ, ಕ್ಯಾಚರ್ ಕೈಲಿ ಬಾಲ್ ಆಗ್ಲೇ ಇದೆ, ಸ್ಲೈಡ್ ಮಾಡಿದ್ರೆ ನೂರಕ್ಕೆ ನೂರು ಔಟು. ಜೋರಾಗಿ ಗುದ್ದಿದ್ರೆ ಬಾಲ್ ಉದುರಬಹುದು. ನಿಮ್ಮ ಟೀಮು, ನಿಮ್ಮ ಕೋಚು, ನಿಮ್ಮ ಫ್ಯಾನುಗಳು ಎಲ್ರೂ ಏನು ಬಯಸ್ತಾರೆ? ಗುದ್ದಲೇಬೇಕು ಅಂತ ಆಟದ ಲೆಕ್ಕವೇ ನಿಮ್ಮನ್ನ ಹಿಂದಿನಿಂದ ತಳ್ತಾ ಇರತ್ತೆ.

ಕ್ಯಾಚರ್ ಕಡೆಯಿಂದ್ಲೂ ನೋಡಿ, ಅವನ ಸ್ಥಿತಿ ಇನ್ನೂ ಕಷ್ಟ. ಅವನು ಮೈದಾನದ ಕಡೆ ಮುಖ ಮಾಡಿ ನಿಂತ್ರೆ ಓಡೋನು ಬರೋದು ಮೂರನೇ ಬೇಸಿಂದ, ಅಂದ್ರೆ ಅವನ ಎಡಗಡೆಯಿಂದ. ಬಾಲ್ ರೈಟ್ ಫೀಲ್ಡಿಂದ ಬರ್ತಿದ್ರೆ ಅದು ಅವನ ಬಲಗಡೆ. ಬಾಲ್ ಹಿಡೀಬೇಕಂದ್ರೆ ಬಲಕ್ಕೆ ನೋಡ್ಬೇಕು, ಆಗ ಎಡಗಡೆಯಿಂದ 90 ಕೆಜಿ ಮನುಷ್ಯ ಫುಲ್ ಸ್ಪೀಡಲ್ಲಿ ಬರ್ತಿರೋದು ಅವನಿಗೆ ಕಾಣಲ್ಲ. ನಮ್ಮೂರಲ್ಲಿ ಮೇನ್ ರೋಡಿಗೆ ಸ್ಕೂಟರ್ ಹತ್ತಿಸುವಾಗ ಒಂದು ಕಡೆ ಮಾತ್ರ ನೋಡಿದ್ರೆ ಏನಾಗತ್ತೋ ಅದೇ.

ಈಗ ಅಸಲಿ ವಿಷ್ಯಕ್ಕೆ ಬರ್ತೀನಿ. "ಡಿಕ್ಕಿ ಬೇಸ್‌ಬಾಲಿನ ಭಾಗ, ಪರಂಪರೆ" ಅಂತ ವಾದ ಮಾಡೋರು ಹಳೇ ರೂಲ್ ಬುಕ್ ತೆಗೆದು ಓದ್ಬೇಕು. ಡಿಕ್ಕಿ ತಡೆಯೋ ಹೊಸ ರೂಲ್ ಬಂದ 2014ಕ್ಕಿಂತ ಎಷ್ಟೋ ಮೊದ್ಲಿಂದಾನೂ ಅದ್ರಲ್ಲಿ ಒಂದು ಟಿಪ್ಪಣಿ ಇತ್ತು: ಕೈಲಿ ಬಾಲ್ ಇಲ್ದೇ ಇರೋ ಕ್ಯಾಚರ್‌ಗೆ ರನ್ ಗಳಿಸೋಕೆ ಬರೋನ ದಾರಿ ತಡೆಯೋ ಹಕ್ಕಿಲ್ಲ, ಬೇಸ್‌ಲೈನು ಓಡೋನದ್ದು, ಕ್ಯಾಚರ್ ಅಲ್ಲಿರಬೇಕಾಗಿದ್ದು ಬಾಲ್ ಹಿಡೀತಿರುವಾಗ ಅಥವಾ ಬಾಲ್ ಆಗ್ಲೇ ಕೈಲಿರುವಾಗ ಮಾತ್ರ. ಇಷ್ಟು ಸ್ಪಷ್ಟವಾಗಿ ಬರ್ದಿತ್ತು. ಆದ್ರೆ ಅಂಪೈರುಗಳು ಅದನ್ನ ಹೆಚ್ಚುಕಮ್ಮಿ ಜಾರಿಗೇ ತರ್ಲಿಲ್ಲ. ಕ್ಯಾಚರುಗಳು ಬಾಲ್ ಬರೋಕೆ ಮುಂಚೆನೇ ಕಾಲು ಅಡ್ಡ ಇಟ್ಟು ಗೋಡೆ ಥರ ನಿಲ್ತಿದ್ರು, ಅಂಪೈರ್ ಸುಮ್ನಿರ್ತಿದ್ದ. ಅದಕ್ಕೆ ಪ್ರತಿಯಾಗಿ ಓಡೋನು ಗುದ್ದಿದ್ರೂ ಅಂಪೈರ್ ಸುಮ್ನಿರ್ತಿದ್ದ. ನೀನು ಅಡ್ಡ ನಿಲ್ಲು, ಅವನು ಗುದ್ದಲಿ, ನಾನು ಕಣ್ಣು ಮುಚ್ಕೊಂಡಿರ್ತೀನಿ ಅನ್ನೋ ಒಪ್ಪಂದ. ಎರಡು ತಪ್ಪು ಸೇರಿ ಒಂದು ಸಂಪ್ರದಾಯ ಆಗೋಯ್ತು, ಮತ್ತೆ ಅದಕ್ಕೆ ಗಂಡಸುತನದ ಬಣ್ಣ ಬೇರೆ ಬಳಿದ್ರು. ಪ್ಲೇಟ್ ಬ್ಲಾಕ್ ಮಾಡೋದ್ರಲ್ಲಿ ಹೆಸರು ಮಾಡಿದ ಕ್ಯಾಚರುಗಳೇ ಇದ್ರು, ಲಾಸ್ ಏಂಜಲಿಸ್ ಡಾಡ್ಜರ್ಸಿನ ಮೈಕ್ ಸೋಶಿಯಾ ಅದ್ರಲ್ಲಿ ಮೊದಲ ಸಾಲಿನವನು.

ಹಳೇ ಕ್ಲಿಪ್ಪುಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಓಡೋದು 1970ರ ಆಲ್ ಸ್ಟಾರ್ ಗೇಮಿಂದು, ಅಪ್ಪ ನೋಡಿದ್ದೂ ಅದೇ. ಜುಲೈ 14, ಸಿನ್ಸಿನಾಟಿಯ ಹೊಸ ರಿವರ್‌ಫ್ರಂಟ್ ಸ್ಟೇಡಿಯಂ, ಅಧ್ಯಕ್ಷ ನಿಕ್ಸನ್ ಬೇರೆ ಬಂದಿದ್ರು. ಆಲ್ ಸ್ಟಾರ್ ಗೇಮ್ ಅಂದ್ರೆ ಎರಡೂ ಲೀಗಿನ ಒಳ್ಳೊಳ್ಳೆ ಆಟಗಾರರನ್ನ ಆರಿಸಿ ಆಡಿಸೋ ಪ್ರದರ್ಶನ ಪಂದ್ಯ, ಗೆದ್ರೂ ಸೋತ್ರೂ ಪಾಯಿಂಟ್ ಟೇಬಲ್ಲಲ್ಲಿ ಏನೂ ಬದಲಾಗಲ್ಲ. ಸ್ಕೋರು 4-4, ಹನ್ನೆರಡನೇ ಇನಿಂಗ್ಸು, ಅಂದ್ರೆ ಮಾಮೂಲಿ ಒಂಬತ್ತು ಮುಗಿದ್ರೂ ಟೈ ಆಗಿ ಮುಂದುವರಿದ ಆಟ. ಜಿಮ್ ಹಿಕ್‌ಮನ್ ಹೊಡೆದ ಬಾಲಿಗೆ ಎರಡನೇ ಬೇಸಲ್ಲಿದ್ದ ಪೀಟ್ ರೋಸ್ ಓಡಿದ, ಅದು ಅವನ ಊರಿನ ಮೈದಾನ. ಸೆಂಟರ್ ಫೀಲ್ಡಿಂದ ಏಮಸ್ ಓಟಿಸ್ ಎಸೆದ ಬಾಲ್ ಬರ್ತಾ ಇತ್ತು, ಕ್ಲೀವ್‌ಲ್ಯಾಂಡಿನ 23 ವರ್ಷದ ಕ್ಯಾಚರ್ ರೇ ಫಾಸಿ ಗೆರೆ ಮೇಲೆ ಅಡ್ಡ ನಿಂತಿದ್ದ. ರೋಸ್ ತಲೆ ಮುಂದೆ ಮಾಡಿ ಡೈವ್ ಹೊಡೆಯೋ ಹಂಗೆ ಬಗ್ಗಿದೋನು ಜಾಗ ಇಲ್ಲ ಅಂತ ಗೊತ್ತಾಗಿ ಹೆಗಲು ಕೊಟ್ಟು ನುಗ್ಗಿದ. ರನ್ ಬಂತು, ರೋಸ್ ಆಡ್ತಿದ್ದ ನ್ಯಾಷನಲ್ ಲೀಗ್ 5-4ರಲ್ಲಿ ಗೆದ್ದಿತು.

ಫಾಸಿಯ ಎಡ ಹೆಗಲು ಮುರಿದಿತ್ತು, ಜಾಗ ಬಿಟ್ಟು ಕದಲಿತ್ತು. ಆದ್ರೆ ಆಗ ಊತ ಜಾಸ್ತಿ ಇದ್ದಿದ್ರಿಂದ ಎಕ್ಸ್‌ರೇಲಿ ಮುರಿದಿದ್ದು ಕಾಣ್ಲೇ ಇಲ್ಲ, ಗೊತ್ತಾಗಿದ್ದು ಮುಂದಿನ ವರ್ಷ. ಅಷ್ಟರಲ್ಲಿ ಪುಣ್ಯಾತ್ಮ ಅದೇ ಹೆಗಲು ಇಟ್ಕೊಂಡು ಆಟ ಮುಂದುವರಿಸಿದ್ದ. 1970ರ ಸೀಸನ್ನಿನ ಮೊದಲರ್ಧದಲ್ಲಿ 16 ಹೋಮ್ ರನ್ ಹೊಡೆದಿದ್ದೋನು ಆಮೇಲೆ ಹೊಡೆದಿದ್ದು ಬರೀ 2. ಪೂರ್ತಿ ಹಾಳಾದ ಅಂತ ಹೇಳೋಕಾಗಲ್ಲ, ಓಕ್ಲ್ಯಾಂಡ್ ಪರ ಆಡಿ 1973, 1974ರಲ್ಲಿ ವರ್ಲ್ಡ್ ಸೀರೀಸ್, ಅಂದ್ರೆ ಬೇಸ್‌ಬಾಲಿನ ಫೈನಲ್, ಗೆದ್ದ ಟೀಮಲ್ಲಿದ್ದ, ಆಮೇಲೆ ಅಲ್ಲೇ ಕಾಮೆಂಟೇಟರ್ ಆಗಿ ಎಷ್ಟೋ ವರ್ಷ ಇದ್ದ. ಆದ್ರೆ ಆ ಹೆಗಲಿನ ನೋವು ಕೊನೇವರೆಗೂ ಹೋಗ್ಲಿಲ್ಲ, ಆ ಕ್ಲಿಪ್ಪೂ ಹೋಗ್ಲಿಲ್ಲ. 2021ರಲ್ಲಿ ತೀರ್ಕೊಂಡ. ವಿಚಿತ್ರ ಅಂದ್ರೆ ಆ 1970ರ ಮ್ಯಾಚಿನ ಹಿಂದಿನ ರಾತ್ರಿ ರೋಸ್ ಇವನನ್ನ ಮನೆಗೆ ಕರೆಸಿ ಊಟ ಹಾಕ್ಸಿದ್ದ.

ಆ ಡಿಕ್ಕಿ ಆದ್ಮೇಲೆ ರೂಲ್ ಏನಾದ್ರೂ ಬದಲಾಯ್ತಾ? ಇಲ್ಲ. ದಶಕಗಟ್ಟಲೆ ಅದನ್ನ ಛಲದ ಆಟಕ್ಕೆ ಉದಾಹರಣೆ ಅಂತ ತೋರಿಸಿದ್ರು.

ಬದಲಾವಣೆ ಶುರುವಾಗಿದ್ದು 41 ವರ್ಷ ಆದ್ಮೇಲೆ, ಇಲ್ಲೇ ನಮ್ಮ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಮೇ 25, 2011, ಜಯಂಟ್ಸ್ ವಿರುದ್ಧ ಫ್ಲೋರಿಡಾ ಮಾರ್ಲಿನ್ಸ್, 6-6, ಮತ್ತೆ ಹನ್ನೆರಡನೇ ಇನಿಂಗ್ಸೇ. ಮೂರನೇ ಬೇಸಲ್ಲಿ ಮಾರ್ಲಿನ್ಸಿನ ಸ್ಕಾಟ್ ಕಸಿನ್ಸ್. ಎಮಿಲಿಯೋ ಬೊನಿಫಾಸಿಯೋ ರೈಟ್ ಫೀಲ್ಡಿಗೆ ಕ್ಯಾಚ್ ಎತ್ತಿದ, ನೇಟ್ ಶೀರ್‌ಹೋಲ್ಟ್ಸ್ ಹಿಡಿದ. ಇಲ್ಲಿ ಒಂದು ಮಾತು ಹೇಳಿಬಿಡ್ತೀನಿ, ಬೇಸ್‌ಬಾಲಲ್ಲಿ ಕ್ಯಾಚ್ ಹಿಡಿದ ಮೇಲೂ ಬೇಸಲ್ಲಿ ಕಾಲಿಟ್ಟುಕೊಂಡು ಕಾಯ್ತಿದ್ದೋನು ಓಡಬಹುದು, ಟ್ಯಾಗ್ ಅಪ್ ಅಂತಾರೆ, ಹೋಮಲ್ಲಿ ಆಗೋ ಡಿಕ್ಕಿಗಳಲ್ಲಿ ಸುಮಾರು ಇದ್ರಿಂದ್ಲೇ. ಕಸಿನ್ಸ್ ಓಡಿದ, ಶೀರ್‌ಹೋಲ್ಟ್ಸ್ ಎಸೆದ, ಜಯಂಟ್ಸಿನ ಕ್ಯಾಚರ್ ಬಸ್ಟರ್ ಪೋಸಿ ಪ್ಲೇಟ್ ಮುಂದೆ ಮಂಡಿ ಮಡಚಿ ಕೂತು ಬಾಲ್ ಹಿಡಿಯೋಕೆ ಹೋದ, ಬಾಲ್ ಗ್ಲೌಸಲ್ಲಿ ನಿಲ್ಲಲಿಲ್ಲ, ಆದ್ರೆ ಇದೆ ಅಂದ್ಕೊಂಡೋ ಏನೋ ಪ್ಲೇಟ್ ಕಡೆ ತಿರುಗಿದ. ಅಷ್ಟರಲ್ಲಿ ಕಸಿನ್ಸ್ ಬಂದು ಅಪ್ಪಳಿಸಿದ. ಪೋಸಿಯ ಕಾಲು ಅವನದೇ ಮೈ ಕೆಳಗೆ ಸಿಕ್ಕಿ ತಿರುಚಿತು, ಮೊಣಕಾಲಿನ ಕೆಳಗಿನ ಸಣ್ಣ ಮೂಳೆ ಮುರೀತು, ಹಿಮ್ಮಡಿ ಗಂಟಿನ ಲಿಗಮೆಂಟ್ ಹರೀತು. ಬಾಲ್ ಅಲ್ಲೇ ನೆಲದ ಮೇಲೆ ಬಿದ್ದಿತ್ತು.

ಅಂದ್ರೆ ಗಮನಿಸಿ: ಕ್ಯಾಚರ್ ಕೈಲಿ ಬಾಲೇ ಇರ್ಲಿಲ್ಲ, ಪ್ಲೇಟಿನ ಒಂದು ಭಾಗ ಖಾಲಿನೂ ಇತ್ತು, ಸುಮ್ನೆ ಸ್ಲೈಡ್ ಮಾಡಿದ್ರೂ ರನ್ ಬರ್ತಿತ್ತು. ಕಸಿನ್ಸ್‌ಗೆ ಅದು ಆ ಕ್ಷಣದಲ್ಲಿ ಗೊತ್ತಾಗೋ ಚಾನ್ಸ್ ಇರ್ಲಿಲ್ಲ, ಅವನನ್ನ ಬೈಯೋದ್ರಲ್ಲಿ ಅರ್ಥ ಇಲ್ಲ, ಚಿಕ್ಕಂದಿನಿಂದ ಕಲಿಸಿದ್ದನ್ನ ಮಾಡಿದ. ಆದ್ರೂ ಜನ ಅವನಿಗೆ ಕೊಲೆ ಬೆದರಿಕೆ ಹಾಕಿದ್ರು, ಜಯಂಟ್ಸಿನ ಜನರಲ್ ಮ್ಯಾನೇಜರ್ ಬ್ರಯಾನ್ ಸೇಬಿಯನ್ ರೇಡಿಯೋಲಿ ಇವನು ಮತ್ತೆ ಆಡದೇ ಇದ್ರೆ ನಮಗೆಲ್ಲ ಸಂತೋಷ ಅನ್ನೋ ಥರ ಮಾತಾಡಿ ವಿವಾದ ಮಾಡ್ಕೊಂಡ್ರು. ರೂಲ್ ಒಪ್ಪಿದ್ದನ್ನೇ ಮಾಡಿದೋನಿಗೆ ಈ ಗತಿ ಅಂದ್ರೆ ರೂಲಲ್ಲೇ ಏನೋ ಎಡವಟ್ಟಿದೆ ಅಂತ ತಾನೇ?

ಪೋಸಿ ಸಾಮಾನ್ಯ ಆಟಗಾರ ಆಗಿರ್ಲಿಲ್ಲ. 2010ರಲ್ಲಿ ನ್ಯಾಷನಲ್ ಲೀಗಿನ ವರ್ಷದ ಹೊಸ ಆಟಗಾರ, ಅದೇ ವರ್ಷ ಟೀಮಿಗೆ ವರ್ಲ್ಡ್ ಸೀರೀಸು. 2011ರ ಉಳಿದ ಸೀಸನ್ ಪೂರ್ತಿ ಹೋಯ್ತು, ಚಾಂಪಿಯನ್ ಟೀಮು ಪ್ಲೇಆಫಿಗೂ ಹೋಗ್ಲಿಲ್ಲ. 2012ರಲ್ಲಿ ವಾಪಸ್ ಬಂದು .336 ಆವರೇಜಲ್ಲಿ ಬ್ಯಾಟಿಂಗ್ ಪ್ರಶಸ್ತಿ, ಎಂವಿಪಿ ಅಂದ್ರೆ ಲೀಗಿನ ವರ್ಷದ ಅತ್ಯುತ್ತಮ ಆಟಗಾರ, ಮತ್ತೊಂದು ವರ್ಲ್ಡ್ ಸೀರೀಸು, ಎಲ್ಲಾ ಗೆದ್ದ. 2013ರಲ್ಲಿ ಜಯಂಟ್ಸ್ ಅವನ ಜತೆ ಒಂಬತ್ತು ವರ್ಷಕ್ಕೆ 16.7 ಕೋಟಿ ಡಾಲರ್ ಒಪ್ಪಂದ ಮಾಡ್ಕೊಂಡ್ರು. ನನ್ನ ಪ್ರಕಾರ ರೂಲ್ ಬದಲಾಗಿದ್ದರ ಹಿಂದೆ ಇರೋ ಒಂದು ಗುಟ್ಟು ಇದೇನೇ. ಫಾಸಿ ಕಾಲದಲ್ಲಿ ಆಟಗಾರನ ಹೆಗಲು ಮುರಿದ್ರೆ ಅದು ಆಟಗಾರನ ಹಣೆಬರಹ, 2013ರ ಹೊತ್ತಿಗೆ ಅದು ಮಾಲೀಕನ ಕೋಟಿಗಟ್ಟಲೆ ಡಾಲರ್ ನಷ್ಟ. ದಯೆಯಿಂದ ಆಗದ್ದು ದುಡ್ಡಿಂದ ಆಯ್ತು ಅಂದ್ರೆ ಕೆಲವರಿಗೆ ಬೇಜಾರಾಗಬಹುದು, ಆಗ್ಲಿ.

ಇನ್ನೊಂದು ಕಾರಣ ತಲೆ ಪೆಟ್ಟು. 2013ರ ಆಗಸ್ಟಲ್ಲಿ ಅಮೆರಿಕನ್ ಫುಟ್‌ಬಾಲಿನ ಎನ್‌ಎಫ್‌ಎಲ್, ತಲೆಗೆ ಪೆಟ್ಟು ತಿಂದ ಮಾಜಿ ಆಟಗಾರರ ಕೇಸಲ್ಲಿ 76.5 ಕೋಟಿ ಡಾಲರಿಗೆ ರಾಜಿಗೆ ಒಪ್ಪಿತ್ತು, ಅದನ್ನ ನೋಡಿ ಎಲ್ಲಾ ಲೀಗಿನ ವಕೀಲರೂ ಬೆವತಿರಬೇಕು. ಬೇಸ್‌ಬಾಲಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಮ್ಯಾನೇಜರ್ (ನಮ್ಮ ಲೆಕ್ಕದಲ್ಲಿ ಹೆಡ್ ಕೋಚ್) ಆಗಿದ್ದ ಮೈಕ್ ಮಥೀನಿ ಖುದ್ದು ಕ್ಯಾಚರ್ ಆಗಿದ್ದೋರು, ಕನ್ಕಷನ್ ಅಂದ್ರೆ ಮಿದುಳು ಅಲುಗೋ ಪೆಟ್ಟುಗಳಿಂದಾನೇ ಆಟ ಬಿಟ್ಟೋರು, ಅವ್ರು ಡಿಕ್ಕಿ ನಿಲ್ಲಿಸಿ ಅಂತ ಬಹಿರಂಗವಾಗಿ ಹೇಳೋಕೆ ಶುರು ಮಾಡಿದ್ರು. ಪೋಸಿಯ ಮ್ಯಾನೇಜರ್ ಬ್ರೂಸ್ ಬೋಚಿ, ಅವ್ರೂ ಹಳೇ ಕ್ಯಾಚರ್ರೇ, ಅವ್ರದ್ದೂ ಅದೇ ಮಾತು. ನನಗೆ ಈ ಇಬ್ಬರ ಮಾತಿಗೆ ಇರೋ ತೂಕ ಸ್ಟುಡಿಯೋಲಿ ಸೂಟ್ ಹಾಕ್ಕೊಂಡು ಪರಂಪರೆ ಅನ್ನೋರ ಮಾತಿಗೆ ಇಲ್ಲ. ಪೆಟ್ಟು ತಿಂದ ಜಾಗದಿಂದ ಮಾತಾಡ್ತಿದಾರೆ.

2013ರ ಡಿಸೆಂಬರಲ್ಲಿ ಫ್ಲೋರಿಡಾದಲ್ಲಿ ನಡೆದ ಮೇಜರ್ ಲೀಗ್ ಬೇಸ್‌ಬಾಲಿನ ವಾರ್ಷಿಕ ಸಭೇಲಿ ಡಿಕ್ಕಿಗಳನ್ನ ತೆಗೀತೀವಿ ಅಂತ ಘೋಷಣೆ ಆಯ್ತು, 2014ರ ಫೆಬ್ರವರಿ 24ಕ್ಕೆ ಲೀಗು ಮತ್ತೆ ಆಟಗಾರರ ಯೂನಿಯನ್ ಸೇರಿ 7.13 ಅನ್ನೋ ರೂಲನ್ನ ಪ್ರಯೋಗ ಅಂತ ತಂದ್ರು, ಈಗ ಅದು 6.01ರ ಒಳಗಿದೆ. ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ್ರು ಅಂತ ಫಾಸಿ ಅಂದ್ಕೊಂಡಿರಬಹುದು.

ರೂಲ್ ಏನು ಹೇಳತ್ತೆ? ಓಡೋನಿಗೆ: ಪ್ಲೇಟಿಗೆ ನೇರವಾಗಿರೋ ದಾರಿ ಬಿಟ್ಟು ಕ್ಯಾಚರ್‌ನ ಗುದ್ದೋಕೆ ಅಂತ ತಿರುಗಬಾರದು. ತಿರುಗಿದ್ರೆ, ಬಾಲ್ ಬಿದ್ರೂ ಅವನು ಔಟೇ. ಬೇಕಂತ ಗುದ್ದಿದ್ನಾ ಅಂತ ಗೊತ್ತು ಮಾಡೋದು ಹೆಂಗೆ? ಪ್ಲೇಟ್ ಮುಟ್ಟೋ ಪ್ರಯತ್ನ ಮಾಡಿದ್ನಾ, ಹೆಗಲು ತಗ್ಗಿಸಿದ್ನಾ, ಕೈ ಮೊಣಕೈ ಹಾಕಿ ತಳ್ಳಿದ್ನಾ ಅಂತ ಅಂಪೈರ್ ನೋಡ್ತಾನೆ. ಸರಿಯಾಗಿ ಸ್ಲೈಡ್ ಮಾಡಿದ್ರೆ, ಅಂದ್ರೆ ಕ್ಯಾಚರ್‌ಗೆ ತಾಗೋ ಮುಂಚೆ ಮೈ ನೆಲ ಮುಟ್ಟಿದ್ರೆ, ಓಡೋನದು ತಪ್ಪಿಲ್ಲ. ಕ್ಯಾಚರ್‌ಗೆ: ಬಾಲ್ ಕೈಲಿ ಇಲ್ದೇ ದಾರಿ ತಡೆಯೋ ಹಂಗಿಲ್ಲ, ತಡೆದ್ರೆ ರನ್ ಕೊಟ್ಟುಬಿಡ್ತಾರೆ. ಎಸೆದ ಬಾಲೇ ಅವನನ್ನ ಆ ದಾರಿಗೆ ಎಳೆದುಕೊಂಡು ಬಂದಿದ್ರೆ ಮಾತ್ರ ವಿನಾಯಿತಿ. ಫೋರ್ಸ್ ಔಟುಗಳಿಗೆ ಈ ಕ್ಯಾಚರ್ ಭಾಗ ಅನ್ವಯ ಆಗಲ್ಲ.

ಇಲ್ಲಿ ಒಂದು ಸಣ್ಣ ಸೂಕ್ಷ್ಮ ಇದೆ, ಅಪ್ಪನಿಗೆ "ಪೂರ್ತಿ ಅಲ್ಲ" ಅಂದಿದ್ದು ಇದಕ್ಕೇ. ಸ್ಲೈಡ್ ಮಾಡಲೇಬೇಕು ಅಂತ ರೂಲಲ್ಲಿ ಇಲ್ಲ. ಕ್ಯಾಚರ್ ಕೈಲಿ ಬಾಲ್ ಇದ್ದು, ಅವನು ದಾರೀಲೇ ನಿಂತಿದ್ದು, ಓಡೋನು ಪ್ಲೇಟಿಗೆ ನೇರ ಬರ್ತಾ ತಾಗಿದ್ರೆ, ಅದು ಈಗ್ಲೂ ತಪ್ಪಲ್ಲ. ಪೂರ್ತಿ ನಿಷೇಧ ಆಗ್ಲಿಲ್ಲ ಯಾಕಂದ್ರೆ ಯೂನಿಯನ್ ಜತೆ ಮಾತಾಡಿ ಮಾತಾಡಿ ನಡುಹಾದಿಗೆ ಬಂದಿದ್ದು. ಆದ್ರೆ ಗುದ್ದೋದ್ರಲ್ಲಿ ಇದ್ದ ಲಾಭ ಹೋಯ್ತು, ಅಡ್ಡ ನಿಲ್ಲೋದ್ರಲ್ಲಿ ಇದ್ದ ಲಾಭಾನೂ ಹೋಯ್ತು. ಈಗ ನೋಡಿ, ಕ್ಯಾಚರ್ ಪ್ಲೇಟಿನ ಮುಂದೆ ನಿಂತು ಓಡೋನಿಗೆ ಒಂದು ಓಣಿ ಬಿಡ್ತಾನೆ, ಬಾಲ್ ಹಿಡಿದು ಗ್ಲೌಸನ್ನ ಬೀಸಿ ತಾಗಿಸ್ತಾನೆ. ಓಡೋನು ಹೊರಗಡೆಯಿಂದ ಜಾರಿ ಒಂದು ಕೈ ಹಿಂದೆ ಎಳ್ಕೊಂಡು ಇನ್ನೊಂದು ಕೈಲಿ ಪ್ಲೇಟ್ ಮೂಲೆ ಸವರ್ತಾನೆ. ಈಜು ಹೊಡೆದಂಗಿರತ್ತೆ. ನನಗಂತೂ ಗೂಳಿ ಕಾಳಗಕ್ಕಿಂತ ಇದೇ ಚಂದ, ಇದ್ರಲ್ಲಿ ಕೈಚಳಕ ಇದೆ.

ಹಂಗಂತ ಎಲ್ಲಾ ಸರಿಹೋಯ್ತು ಅಂತಲ್ಲ, ಮೊದಲನೇ ವರ್ಷ ಭಾರೀ ಗೊಂದಲ. 2014ರ ಜುಲೈ 31ಕ್ಕೆ ಮಯಾಮಿಯಲ್ಲಿ ಸಿನ್ಸಿನಾಟಿಯ ಝಾಕ್ ಕೋಝಾರ್ಟ್ ಮೂರನೇ ಬೇಸಿಂದ ಓಡಿದ, ಜಿಯಾನ್‌ಕಾರ್ಲೋ ಸ್ಟಾಂಟನ್ ಎಸೆದ ಬಾಲು ಎಷ್ಟು ಬೇಗ ಬಂತಂದ್ರೆ ಕೋಝಾರ್ಟ್ ಇನ್ನೂ ಮಾರುಗಟ್ಟಲೆ ದೂರದಲ್ಲಿದ್ದ, ಕ್ಯಾಚರ್ ಜೆಫ್ ಮ್ಯಾಥಿಸ್ ಆರಾಮಾಗಿ ಟ್ಯಾಗ್ ಮಾಡಿದ. ರಿಪ್ಲೇ ನೋಡಿ ಬಾಲ್ ಬರೋ ಮುಂಚೆ ಕ್ಯಾಚರ್ ದಾರೀಲಿ ಇದ್ದ ಅಂತ ಹೇಳಿ ಸೇಫ್, ಅಂದ್ರೆ ನಾಟೌಟ್, ಕೊಟ್ರು. ಮಾರ್ಲಿನ್ಸ್ ಮ್ಯಾನೇಜರ್ ಮೈಕ್ ರೆಡ್ಮಂಡ್, ಇವ್ರೂ ಹಳೇ ಕ್ಯಾಚರ್, ಕೂಗಾಡಿ ಮೈದಾನದಿಂದ ಹೊರಗೆ ಹೋಗ್ಬೇಕಾಯ್ತು. ರೂಲಿನ ಅಕ್ಷರ ಗೆದ್ದು ಬುದ್ಧಿ ಸೋತಿದ್ದು ಇಲ್ಲಿ. ಸೆಪ್ಟೆಂಬರಲ್ಲಿ ಲೀಗ್ ಒಂದು ಸ್ಪಷ್ಟೀಕರಣ ಕಳಿಸ್ತು: ಕ್ಯಾಚರ್ ಅಲ್ಲಿ ಇಲ್ದೇ ಇದ್ರೂ ಓಡೋನು ಔಟಾಗ್ತಿದ್ದ ಅಂತ ಸ್ಪಷ್ಟ ಇದ್ರೆ, ಅಡ್ಡ ನಿಂತಿದ್ದು ಲೆಕ್ಕಕ್ಕಿಲ್ಲ ಅಂತ.

2022ರ ಆಗಸ್ಟ್ 7ಕ್ಕೆ ಮಿನಿಯಾಪೊಲಿಸಲ್ಲಿ ಇನ್ನೊಂದು. ಟೊರಾಂಟೋದ ವಿಟ್ ಮೆರಿಫೀಲ್ಡ್ ಹತ್ತನೇ ಇನಿಂಗ್ಸಲ್ಲಿ ಹೋಮಲ್ಲಿ ಔಟ್ ಅಂದ್ರು, ರಿಪ್ಲೇಲಿ ಕ್ಯಾಚರ್ ಗ್ಯಾರಿ ಸಾಂಚೆಝ್ ಓಣಿ ಬಿಟ್ಟಿರ್ಲಿಲ್ಲ ಅಂತ ತೀರ್ಪು ತಿರುಗಿತು, ಟೊರಾಂಟೋ 3-2ರಲ್ಲಿ ಗೆದ್ದಿತು. ಸೋತ ಮಿನೆಸೋಟಾ ಟ್ವಿನ್ಸಿನ ಆಗಿನ ಮ್ಯಾನೇಜರ್ ರಾಕೋ ಬಾಲ್ಡೆಲ್ಲಿ ಕೆಂಡಾಮಂಡಲ. ಇಂಥ ಮ್ಯಾಚ್ ಸೋತವರ ಜತೆ ವಾದ ಮಾಡೋಕೆ ಹೋಗ್ಬೇಡಿ, ನಾನು ಆಫೀಸಲ್ಲಿ ಒಬ್ಬ ಮಿನೆಸೋಟಾದವನ ಹತ್ರ ಮಾಡಿ ಒಂದು ಲಂಚ್ ಬ್ರೇಕ್ ಪೂರ್ತಿ ಕಳ್ಕೊಂಡಿದೀನಿ.

ಡಿಕ್ಕಿ ಇರ್ಲಿ ಅನ್ನೋರ ವಾದದಲ್ಲಿ ಒಂದು ಮಾತು ಮಾತ್ರ ನನಗೆ ಗಟ್ಟಿ ಅನ್ಸತ್ತೆ, ಪರಂಪರೆ ಗಿರಂಪರೆ ಅಲ್ಲ. ರನ್ನು ಅಂದ್ರೆ ಬೇಸ್‌ಬಾಲಲ್ಲಿ ಕ್ರಿಕೆಟ್ ರನ್ ಥರ ಅಗ್ಗ ಅಲ್ಲ, ಎಷ್ಟೋ ಮ್ಯಾಚು ಒಂದು ರನ್ನಲ್ಲಿ ಮುಗಿಯತ್ತೆ. ಅಂಥ ಒಂದು ರನ್ನನ್ನ ಮಿಲಿಸೆಕೆಂಡ್ ರಿಪ್ಲೇ ನೋಡಿ, ಕ್ಯಾಚರ್‌ನ ಎಡಗಾಲು ಗೆರೆಯಿಂದ ಎಷ್ಟು ಇಂಚು ಒಳಗಿತ್ತು ಅಂತ ನ್ಯೂಯಾರ್ಕಲ್ಲಿ ಕೂತ ಅಂಪೈರ್ ತೀರ್ಮಾನ ಮಾಡೋದು ಆಟಾನಾ ಅಂತ ಕೇಳ್ತಾರೆ. ಕೇಳ್ಬೇಕಾದ ಪ್ರಶ್ನೆನೇ. ಆದ್ರೆ ಆ ತೊಂದ್ರೆ ರಿಪ್ಲೇದು, ಡಿಕ್ಕಿ ತೆಗೆದದ್ದರದ್ದಲ್ಲ. ರಿಪ್ಲೇ ಕಿರಿಕಿರಿ ಅಂತ ಒಬ್ಬನ ಕಾಲು ಮುರಿಯೋದು ವಾಪಸ್ ತರೋಕಾಗಲ್ಲ.

ಪೀಟ್ ರೋಸ್ 2013ರಲ್ಲೇ ಈ ನಿಷೇಧವನ್ನ ವಿರೋಧಿಸಿದ್ದ, ಇವತ್ತು ಇದು, ನಾಳೆ ಎರಡನೇ ಬೇಸಲ್ಲಿ ಡಬಲ್ ಪ್ಲೇ (ಒಂದೇ ಹೊಡೆತಕ್ಕೆ ಇಬ್ಬರನ್ನ ಔಟ್ ಮಾಡೋದು) ಒಡೆಯೋದನ್ನೂ ನಿಲ್ಲಿಸ್ತೀರ ಅನ್ನೋ ಧಾಟೀಲಿ. ಮಜಾ ಅಂದ್ರೆ ಅದು ಹಂಗೇ ಆಯ್ತು. 2015ರ ಅಕ್ಟೋಬರಲ್ಲಿ ಪ್ಲೇಆಫ್ ಮ್ಯಾಚಲ್ಲಿ ಡಾಡ್ಜರ್ಸಿನ ಚೇಸ್ ಅಟ್ಲಿ ಎರಡನೇ ಬೇಸಲ್ಲಿ ತಡವಾಗಿ ಸ್ಲೈಡ್ ಹೊಡೆದು ಮೆಟ್ಸಿನ ರೂಬೆನ್ ತೆಹಾಡಾನ ಕಾಲು ಮುರಿದ, 2016ಕ್ಕೆ ಅಲ್ಲೂ ರೂಲ್ ಬಂತು. ಅದೇ 2016ರಲ್ಲಿ ಜಪಾನ್, ದಕ್ಷಿಣ ಕೊರಿಯಾದ ಲೀಗುಗಳೂ ಹೋಮ್ ಡಿಕ್ಕಿ ತಡೆಯೋ ರೂಲ್ ತಂದ್ವು. ರೋಸ್ ಇದನ್ನ ಆಟ ಮೆತ್ತಗಾಗ್ತಿದೆ ಅಂತ ನೋಡಿದ, ನಾನು ಒಂದು ಎಳೆ ಬಿಚ್ಚಿದ್ರೆ ಅದೇ ಥರದ ಇನ್ನೊಂದು ಗಂಟೂ ಬಿಚ್ಚಿಕೊಳ್ತು ಅಂತ ನೋಡ್ತೀನಿ.

ಇನ್ನು ರೂಲ್ ಇದ್ರೂ ಡಿಕ್ಕಿ ಆಗಲ್ವಾ? ಆಗತ್ತೆ. 2019ರ ಜುಲೈ 7ಕ್ಕೆ ಹ್ಯೂಸ್ಟನ್ನಲ್ಲಿ ಆಸ್ಟ್ರೋಸಿನ ಜೇಕ್ ಮರಿಸ್ನಿಕ್, ಏಂಜಲ್ಸಿನ ಕ್ಯಾಚರ್ ಜೊನಾಥನ್ ಲುಕ್ರಾಯ್. 10-10, ಎಂಟನೇ ಇನಿಂಗ್ಸು, ಬಾಲ್ ಬಂದಿದ್ದು ರೈಟ್ ಫೀಲ್ಡಿಂದ, ನಾನು ಮೇಲೆ ಹೇಳಿದ ಆ ಕುರುಡು ಕಡೆಯಿಂದ. ಲುಕ್ರಾಯ್ ಯಾವ ಕಡೆ ಸರೀತಾನೆ ಅಂತ ಮರಿಸ್ನಿಕ್ ತಪ್ಪಾಗಿ ಊಹಿಸಿ ಅದೇ ಕಡೆ ತಿರುಗಿದ. ಲುಕ್ರಾಯ್‌ಗೆ ಮೂಗು ಮುರೀತು, ಕನ್ಕಷನ್ ಆಯ್ತು. ಮರಿಸ್ನಿಕ್ ಔಟ್ ಅಂತ ತೀರ್ಪಾಯ್ತು, ಎರಡು ಮ್ಯಾಚ್ ಸಸ್ಪೆಂಡ್ ಆದ. ಸೀಟ್ ಬೆಲ್ಟ್ ಕಾನೂನಿದ್ರೂ ಆಕ್ಸಿಡೆಂಟ್ ಆಗತ್ತೆ, ಅದಕ್ಕೆ ಬೆಲ್ಟ್ ಬೇಡ ಅಂತೀವಾ? ಮುಖ್ಯ ವ್ಯತ್ಯಾಸ ಏನಂದ್ರೆ 1970ರಲ್ಲಿ ಗುದ್ದಿದೋನಿಗೆ ಗೆಲುವು ಸಿಕ್ತು, 2019ರಲ್ಲಿ ಗುದ್ದಿದೋನಿಗೆ ಔಟು ಸಿಕ್ತು.

ನನ್ನ ಮಗ ಇಲ್ಲಿ ಲಿಟಲ್ ಲೀಗ್ ಆಡ್ತಾನೆ, ಹತ್ತು ವರ್ಷ. ಅಲ್ಲಿ ರೂಲು ಇನ್ನೂ ಸರಳ: ಬಾಲ್ ಹಿಡ್ಕೊಂಡು ಟ್ಯಾಗ್ ಮಾಡೋಕೆ ಕಾಯ್ತಿರೋ ಫೀಲ್ಡರ್ ಎದುರಿದ್ರೆ ಸ್ಲೈಡ್ ಮಾಡು, ಇಲ್ಲ ಪಕ್ಕದಿಂದ ತಪ್ಪಿಸ್ಕೊಂಡು ಹೋಗೋಕೆ ನೋಡು, ಗುದ್ದಿದ್ರೆ ಔಟ್. ಅವನ ವಯಸ್ಸಿನವ್ರು ಮುಂದಿನ ಬೇಸಿಗೆ ತಲೆ ಮುಂದೆ ಮಾಡಿ ಸ್ಲೈಡ್ ಹೊಡೆಯೋ ಹಂಗೂ ಇಲ್ಲ. ಅಪ್ಪ ಒಂದು ಶನಿವಾರ ಅವನ ಮ್ಯಾಚಿಗೆ ಬಂದಿದ್ರು, ಬೆಂಚ್ ಮೇಲೆ ಶಾಲು ಹೊದ್ಕೊಂಡು ಕೂತಿದ್ರು. ಇವನು ಮೂರನೇ ಬೇಸಿಂದ ಓಡಿ ಬಂದ, ಕ್ಯಾಚರ್ ಆಗಿದ್ದ ಪುಟ್ಟ ಹುಡುಗಿ ಬಾಲ್ ಬರೋ ಮುಂಚೆನೇ ಪ್ಲೇಟ್ ಮೇಲೆ ಬಂದು ನಿಂತ್ಬಿಟ್ಟಿದ್ಲು, ಇವನಿಗೆ ಏನು ಮಾಡ್ಬೇಕೋ ಗೊತ್ತಾಗ್ದೆ ಅವಳ ಮುಂದೆ ಬಂದು ಬ್ರೇಕ್ ಹಾಕಿ ನಿಂತ್ಕೊಂಡ, ಅಷ್ಟರಲ್ಲಿ ಬಾಲ್ ಬಂತು, ಅವಳು ಟ್ಯಾಗ್ ಮಾಡಿದ್ಲು, ಅಂಪೈರ್ ಔಟ್ ಅಂದ. ಅಪ್ಪ ಎದ್ದು ನಿಂತು ಕನ್ನಡದಲ್ಲೇ "ಲೈನು ನಮ್ ಹುಡುಗಂದು ಕಣ್ರೀ, ಅವಳ ಕೈಲಿ ಬಾಲ್ ಎಲ್ಲಿತ್ತು?" ಅಂತ ಕೂಗಿದ್ರು.